ಅವಳ ಪಾಲಿನ ಅಧ್ಯಾಯಗಳು

ಹಾಳೆ ಮಗುಚಿದ ಸದ್ದು. ಅಷ್ಟೇ. ಊರೆಲ್ಲ ಮಲಗಿದ ಮೇಲೆ, ನೈಲ್ ನದಿಯ ಕಡೆಯ ಗಾಳಿಯೂ ಸುಮ್ಮನಾದ ಹೊತ್ತಿನಲ್ಲಿ, ರಬಾಬಳ ಹಾಸಿಗೆಯ ಕೆಳಗೆ, ನೆಲದ ಕೆಳಗೆ, ಯಾರೋ ಒಂದು ಹಾಳೆ ಮಗುಚಿದರು.

ಅವಳ ಕೈಯಲ್ಲೂ ಪುಸ್ತಕವಿತ್ತು. ಮೂರನೆಯ ಅಧ್ಯಾಯ ಮುಗಿಸಿ, ನಾಲ್ಕನೆಯದರ ಹಾಳೆಗಳನ್ನೆಲ್ಲ ಎರಡು ಬೆರಳಿನ ನಡುವೆ ಹಿಡಿದು ಒಂದೇ ಸಲಕ್ಕೆ ದಾಟಿಸಿ, ಐದನೆಯದಕ್ಕೆ ಬಂದಿದ್ದಳು. ಕೆಳಗಿನ ಕೈ ಹಾಗೆ ಅವಸರಪಡುತ್ತಿರಲಿಲ್ಲ. ಒಂದು ಹಾಳೆ. ಅದನ್ನು ಓದುವಷ್ಟು ಹೊತ್ತು ಮೌನ. ಮತ್ತೊಂದು ಹಾಳೆ.

ಕೆಳಗಿದ್ದದ್ದು ಗಂಡನ ಮನೆಯವರ ಕುರ್ಚಿ ಕಾರ್ಖಾನೆ. ದಮಿಯತ್ತಾದಲ್ಲಿ ಮನೆಗೊಂದು ಕಾರ್ಖಾನೆ. ಹಗಲೆಲ್ಲ ಗರಗಸ, ಸುತ್ತಿಗೆ, ಕೆಲಸಗಾರರ ಬೈಗುಳ. ರಾತ್ರಿ ಬಟ್ಟೆ ಹೊದಿಸದ ಸೋಫಾಗಳ ಎಲುಬುಗೂಡುಗಳು ಮಾತ್ರ. ಯಾರೋ ಉಳಿದುಕೊಂಡು ಮರಕ್ಕೆ ಪಾಲಿಶ್ ಕಾಗದ ಉಜ್ಜುತ್ತಿರಬೇಕು ಎಂದುಕೊಂಡಳು. ಅರಗಿನ ವಾಸನೆ ಎಂದಿನಂತೆ ನೆಲದ ಸಂದಿಯಿಂದ ಬರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ನೀರಿಳಿದ ಸರೋವರದ ಕೆಸರಿನದು.

ಹೆದರಬೇಕಾಗಿತ್ತು. ಹೆದರಿಕೆ ಬರಲಿಲ್ಲ. ಎರಡು ವರ್ಷದ ಹಿಂದೆ ಮೊದಲ ಬಸಿರು ಅರ್ಧಕ್ಕೇ ಹೋದಂದಿನಿಂದ ಅವಳಿಗೆ ಏನೂ ನೇರವಾಗಿ ತಾಗುತ್ತಿರಲಿಲ್ಲ. ಕುವೈತಿನಿಂದ ಫೋನು ಮಾಡುವ ಗಂಡ ಲುತ್ಫಿಯ ಪ್ರೀತಿಯ ಮಾತು, ಅತ್ತೆಯ ಹರಕೆ, ವೈದ್ಯೆಯ ಎಚ್ಚರಿಕೆ, ಎಲ್ಲವೂ ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿದ್ದವು. ಈಗ ಮತ್ತೆ ಏಳು ತಿಂಗಳು ತುಂಬಿತ್ತು. ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯೆ ಹೇಳಿದ್ದರು. ಮಗು ಒದ್ದಾಗ ಮಾತ್ರ ಅವಳಿಗೆ ತಾನು ಇದ್ದೇನೆ ಅನ್ನಿಸುತ್ತಿತ್ತು. ಆ ಒದೆತವನ್ನು ಕಾಯುತ್ತ ದಿನ ಕಳೆಯುತ್ತಿದ್ದಳು. ನಡುವಿನ ಹೊತ್ತಿಗೆ ಪುಸ್ತಕ.

ಎಚ್ಚರಿಕೆ ಕೊಟ್ಟಾಗಿತ್ತು. ಅಂದು ಮಧ್ಯಾಹ್ನವೇ.

ಕೊಟ್ಟವಳು ಓರಗಿತ್ತಿ ಬುಸೈನಾ, ಭಾವನ ಹೆಂಡತಿ, ಮೇಲಿನ ಅಂತಸ್ತಿನವಳು. ಔಷಧದಂಗಡಿಯಲ್ಲಿ ಕೆಲಸ. ಅವಳು ನಕ್ಕರೆ ಓಣಿಯ ತುದಿಯ ಚಹಾದಂಗಡಿಯವರೂ ತಲೆಯೆತ್ತುತ್ತಿದ್ದರು. ‘ಉಪ್ಪಿನ ಏಳು ಕೋಟೆಗಳು’ ಎಂಬ ಮಾಯಾಲೋಕದ ಕಾದಂಬರಿ ಮಾಲೆಯನ್ನು ಶಾಲೆಯ ದಿನಗಳಿಂದ ಕೂಡಿಟ್ಟವಳು ಅವಳು. ಮಲಗಿದವಳಿಗೆ ಬೇಸರವೆಂದು ಒಂದೊಂದಾಗಿ ತಂದು ಕೊಟ್ಟಿದ್ದಳು. ಕೈರೋದಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದ ರಬಾಬಳಿಗೆ ಇಂಥ ಅಗ್ಗದ ಪುಸ್ತಕಗಳೆಂದರೆ ತಾತ್ಸಾರ. ಆದರೂ ಒಂಬತ್ತು ಮುಗಿಸಿದ್ದಳು. ಒಂಬತ್ತನೆಯದರ ಕೊನೆಯಲ್ಲಿ ದೋಣಿಯವ ಝಾಹಿರ್ ಎರಡೂ ಕೈಯಿಂದ ಹುಟ್ಟು ಹಾಕುತ್ತ ಸರೋವರಕ್ಕೆ ಹೋದ. ಹತ್ತನೆಯದರ ಮೊದಲ ಪುಟದಲ್ಲಿ ಒಂದೇ ಕೈಯವನಾಗಿ ಬಂದ. ನಡುವೆ ಏನಾಯಿತೋ, ಆ ಕತೆ ಬೇರೆ ಕಡೆ ಇದೆ ಎಂಬ ಒಂದು ಸಾಲು ಮಾತ್ರ.

"ಬೇರೆ ಕಡೆ ಅಂದ್ರೆ ಎಲ್ಲಿ, ಅಬ್ಲಾ?" ಎಂದು ಕೇಳಿದ್ದಳು. ಓರಗಿತ್ತಿಯನ್ನು ಅವಳು ಅಕ್ಕನಂತೆ ಅಬ್ಲಾ ಎಂದೇ ಕರೆಯುತ್ತಿದ್ದಳು.

"‘ಜೌಗಿನ ಮನೆ’ಲಿ." ಬುಸೈನಾ ತನ್ನ ಚೀಲದಿಂದ ಕಪ್ಪು ರಟ್ಟಿನ ಪುಸ್ತಕವೊಂದನ್ನು ತೆಗೆದು ತೋರಿಸಿ, ಬೀರುವಿನ ಮೇಲೆ ಎಸೆದಳು. "ಆದ್ರೆ ನೀನು ಅದನ್ನ ಈಗ ಓದಲ್ಲ. ಹೆರಿಗೆ ಆಗ್ಲಿ, ಬಾಣಂತನ ಮುಗೀಲಿ, ನಾನೂ ನೀನೂ ಜೊತೇಲಿ ಓದೋಣ. ನಾನೂ ಓದಿಲ್ಲ ಕಣೇ. ಜೊತೆಗಾತಿಯೇ ಸಿಗ್ಲಿಲ್ಲ. ನನ್ನ ಗಂಡನ ಕಥೆ ಗೊತ್ತಲ್ಲ, ಅವ್ರು ಬಸ್ಸಿನ ಬೋರ್ಡೂ ಪೂರ್ತಿ ಓದಲ್ಲ."

"ಒಬ್ಳೇ ಓದಿದ್ರೆ ಏನಾಗುತ್ತೆ?"

ಬುಸೈನಾ ಹಾಸಿಗೆಯ ಅಂಚಿಗೆ ಕುಳಿತಳು. ಮಾಲೆಯ ಉಳಿದ ಪುಸ್ತಕಗಳನ್ನು ಬರೆದವನು ಒಬ್ಬನೇ. ಈ ಭಯದ ಕತೆಯನ್ನು ಮಾತ್ರ ಅವನೂ ಅವನ ಚಿಕ್ಕಪ್ಪನ ಮಗಳು ಫಿಕ್ರಿಯಾಳೂ ಸೇರಿ ಬರೆದಿದ್ದರಂತೆ. ಒಂದು ಅಧ್ಯಾಯ ಅವನದು, ಮುಂದಿನದು ಅವಳದು. ಮರುಮುದ್ರಣವಾದಾಗ ರಟ್ಟಿನ ಮೇಲಿಂದ ಅವಳ ಹೆಸರು ಹೋಯಿತು.

"ಅವ್ಳು ಸುಮ್ನಿರ್ಲಿಲ್ಲ," ಎಂದಳು ಬುಸೈನಾ. "ಮಂಜಲಾ ಸರೋವರದ ದ್ವೀಪದಲ್ಲಿ ಒಬ್ಳು ಮಾಟಗಾತಿ ಇದ್ಳಂತೆ. ಅವಳ ಹತ್ರ ಹೋಗಿ, ತನ್ನ ಪಾಲಿನ ಹಾಳೆಗಳ ಶಾಯಿ ತೊಳೆದು, ಆ ನೀರನ್ನ ಜೀವಂತ ಮೀನಿನ ಬಾಯಿಗೆ ಹೊಯ್ಸಿ, ಬಾಯಿ ಹೊಲಿಸಿ ನೀರಿಗೆ ಬಿಟ್ಳು. ಎಲ್ಲಿ ಅಂತ ಹುಡುಕಿ ಬಿಡಿಸ್ತೀಯ ಆ ಮಾಟನ? ಅದಕ್ಕೇ ಓದೋರು ಇಬ್ರು ಇರ್ಬೇಕು. ಮೊದಲನೇ ಪುಟದಿಂದ. ಅವನ ಪಾಲು ಒಬ್ಳು, ಅವಳ ಪಾಲು ಇನ್ನೊಬ್ಳು, ಬಾಯಿಬಿಟ್ಟು. ಒಬ್ಳೇ ಓದಿದ್ರೆ ಅವಳ ಜಾಗ ಖಾಲಿ. ಅಲ್ಲಿಗೆ ಕೆಳಗಿನವಳು ಬಂದು ಕೂರ್ತಾಳೆ."

ಕೆಳಗಿನವಳು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಪ್ರತಿ ಹೆಣ್ಣಿಗೂ ನೆಲದ ಕೆಳಗೊಬ್ಬಳು ಅಕ್ಕನೋ ತಂಗಿಯೋ ಇರುತ್ತಾಳೆ. ಯಾರಾದರೂ ಎಡವಿದರೆ, ಹಜ್ ಮಾಡಿ ಬಂದ ಅತ್ತೆ ಹಜ್ಜಾ ತಹಿಯ್ಯಾ, "ದೇವರ ಹೆಸರು ನಿನ್ನ ಮೇಲೆ, ನಿನ್ನ ಕೆಳಗಿನವಳ ಮೇಲೆ" ಎನ್ನದೆ ಬಿಡುತ್ತಿರಲಿಲ್ಲ.

"ಬಂದು ಕೂತ್ರೆ?"

"ಬಿಟ್ಟಿ ಓದಲ್ಲ ಅವ್ಳು. ಮನೇಲಿ ಏನು ಬೆಲೆಬಾಳೋದಿದ್ಯೋ ಅದರ ಮೇಲೇ ಕೈ."

"ಆಮೇಲೆ ಇನ್ನೊಬ್ರು ಬಂದು ಸೇರ್ಕೊಂಡ್ರೆ ಎದ್ದು ಹೋಗ್ತಾಳಾ?"

"ಹೋಗ್ತಾಳೆ. ನಡುವೆ ಬಂದವಳ ನಾಲಗೆ ಕಿತ್ಕೊಂಡು ಹೋಗ್ತಾಳೆ. ಅದಕ್ಕೇ ಯಾರಾದ್ರೂ ಕರೆದ್ರೆ ಮೊದ್ಲು ಕೇಳೋದು, ಶುರು ಮಾಡಿದ್ದೀಯಾ ಅಂತ."

ರಬಾಬ್ ನಕ್ಕಿದ್ದಳು. "ಪ್ರಕಾಶಕನಿಗೆ ಪಾಪ ಎಷ್ಟು ನಷ್ಟ. ಒಂದೇ ಪುಸ್ತಕಕ್ಕೆ ಇಬ್ರು."

"ನಗು, ನಗು. ಕೈರೋದವ್ರಿಗೆ ಎಲ್ಲ ನಗೆಯೇ," ಎಂದು ಬುಸೈನಾ ಅವಳ ಗಲ್ಲ ಹಿಂಡಿ ಅಂಗಡಿಗೆ ಹೋಗಿದ್ದಳು.

ಕತ್ತಲಾದ ಮೇಲೆ ರಬಾಬ್ ವೈದ್ಯೆಯ ಮಾತು ಮೀರಿ ಎದ್ದಳು. ಸ್ಟೂಲು ಎಳೆದುಕೊಂಡು, ಬೀರುವಿನ ಮೇಲೆ ಕೈಯಾಡಿಸಿ, ಪುಸ್ತಕ ಇಳಿಸಿಕೊಂಡಳು. ಅವಳಿಗೆ ಬೇಕಿದ್ದದ್ದು ಝಾಹಿರ್‌ನ ಕೈ ಏನಾಯಿತು ಎಂಬುದಷ್ಟೇ. ಅದು ಲೇಖಕನ ಪಾಲಿನ ಅಧ್ಯಾಯಗಳಲ್ಲಿತ್ತು. ಹೆಂಗಸಿನ ಪಾಲಿನವು ಕತೆಯನ್ನು ಬಿಟ್ಟು ಎತ್ತಲೋ ಹೋಗುತ್ತವೆ ಎಂದು ತಿರುವಿದಾಗಲೇ ತಿಳಿಯಿತು. ಅವನ್ನು ದಾಟಿಸುತ್ತ ಓದಿದಳು. ಅವಳದನ್ನು ನಾನು ಮುಟ್ಟಿಲ್ಲವಲ್ಲ, ಮಾಟವಿದ್ದರೂ ನನಗೆ ತಾಗುವಂತಿಲ್ಲ ಎಂದು ತನ್ನಲ್ಲೇ ತಮಾಷೆ ಮಾಡಿಕೊಂಡಳು.

ಖಾಲಿ ಬಿಟ್ಟದ್ದು ಅದನ್ನೇ.

ಬೆಳಿಗ್ಗೆ ಭಾವ ಸಬ್ರಿ ಕಾರ್ಖಾನೆಯ ಬೀಗ ತೆಗೆಯುವ ಸದ್ದು ಕೇಳಿಸಿತು. ಹೊರಗಿನ ಬೀಗ. ಒಳಗೆ ಯಾರೂ ಉಳಿದಿರಲಿಲ್ಲ.

ಹಜ್ಜಾ ತಂದಿಟ್ಟ ಸೋಂಪಿನ ಕಷಾಯ ಕುಡಿಯುತ್ತ ಅವಳು ಇನ್ನೊಂದನ್ನು ಗಮನಿಸಿದಳು. ಓದದೆ ಬಿಟ್ಟ ಅಧ್ಯಾಯಗಳು ಅವಳಿಗೆ ಗೊತ್ತಿದ್ದವು. ಜೌಗಿನ ನಡುವೆ ಒಂದು ಮನೆ. ಹಾಸಿಗೆ ಹಿಡಿದ ಒಬ್ಬ ಬಸುರಿ. ನೆಲದ ಕೆಳಗೆ ನೀರು. ಪುಸ್ತಕ ಬಿಡಿಸಿ ನಾಲ್ಕನೆಯ ಅಧ್ಯಾಯ ನೋಡಿದಳು. ವರ್ಷಗಟ್ಟಲೆ ಕರಡು ತಿದ್ದಿದ ಕಣ್ಣು ಅದು, ತಪ್ಪು ಹುಡುಕಿತು. ಒಂದು ಅಕ್ಷರವೂ ಬೇರೆಯಾಗಿರಲಿಲ್ಲ. ಅಧ್ಯಾಯದ ಕೊನೆಯ ಸಾಲು ಹೀಗಿತ್ತು: ‘ಚಳಿಗಾಲದ ಮೀನು ಕೆಸರಿಗೆ ಇಳಿಯುವಂತೆ ಮಗು ಅವಳೊಳಗೆ ಕೆಳಕ್ಕೆ ಇಳಿಯಿತು, ಮತ್ತೆ ಅಲುಗಲಿಲ್ಲ.’

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. ಕಾದಳು. ಕಷಾಯ ಆರಿತು. ಕೆಳಗೆ ಗರಗಸ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು.

ಮಗು ಒದೆಯಲಿಲ್ಲ.

ಆ ದಿನ ಒದೆಯಲಿಲ್ಲ. ಮರುದಿನವೂ ಇಲ್ಲ. ಸಬ್ರಿ ಕಾರಿನಲ್ಲಿ ಕರೆದುಕೊಂಡು ಹೋದ. ವೈದ್ಯೆ ಹೊಟ್ಟೆಯ ಮೇಲೆ ಯಂತ್ರವಾಡಿಸಿ ಬಹಳ ಹೊತ್ತು ಪರದೆ ನೋಡಿದರು.

"ಬಡಿತ ಇದೆ. ನಿಧಾನ. ಯಾಕೆ ಅಂತ ಗೊತ್ತಾಗ್ತಿಲ್ಲ. ಶನಿವಾರ ಬೆಳಿಗ್ಗೆ ಬನ್ನಿ. ಆಗ್ಲೂ ಹೀಗೇ ಇದ್ರೆ ತೆಗೆದೇಬಿಡ್ಬೇಕು. ಇನ್ನೂ ಬಲಿತಿಲ್ಲ. ಉಳಿಯುತ್ತೋ ಇಲ್ವೋ ದೇವ್ರಿಗೆ ಗೊತ್ತು."

ದಾರಿಯಲ್ಲಿ ಹಜ್ಜಾ ಅತ್ತಳು. ರಬಾಬ್ ಕಿಟಕಿಯಾಚೆ ನೋಡುತ್ತಿದ್ದಳು. ಲಾರಿಯೊಂದರ ಮೇಲೆ ಚಿನ್ನದ ಬಣ್ಣದ ಮಂಚಗಳನ್ನು ಕಟ್ಟಿದ್ದರು. ಹಗ್ಗ ಸಡಿಲವಾಗಿದೆ ಎಂದು ಅವಳಿಗೆ ತೋಚಿತು. ಅಷ್ಟೇ ತೋಚಿದ್ದು.

ಪುಸ್ತಕವನ್ನು ಮುಚ್ಚಿ ದಿಂಬಿನಡಿ ಇಟ್ಟಿದ್ದಳು, ಮುಂದೆ ಓದಿರಲಿಲ್ಲ. ಓದದಿದ್ದರೂ ಕೆಳಗಿನವಳು ಕಾಯುತ್ತಿದ್ದಳು. ರಾತ್ರಿ ಮಲಗಿದಾಗ ಅದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಸದ್ದಿಲ್ಲ, ಆದರೆ ಯಾರೋ ಇದ್ದಾರೆ. ಬೆರಳನ್ನು ಆರನೆಯ ಅಧ್ಯಾಯದ ಮೇಲಿಟ್ಟುಕೊಂಡು ಕೂತಿದ್ದಾರೆ. ಕೆಸರಿನ ವಾಸನೆ ಹೊದಿಕೆಗೂ ಹತ್ತಿತ್ತು. ಎಷ್ಟು ಕಾದರೆ ಅಷ್ಟು ಮಗು ಕೆಳಗಿಳಿಯುತ್ತದೆ ಎಂದು ಅವಳಿಗೆ ಯಾರೂ ಹೇಳದೆ ತಿಳಿದಿತ್ತು. ಮತ್ತೊಂದೂ ತಿಳಿದಿತ್ತು. ಆ ಜಾಗದಿಂದ ಅವಳನ್ನು ಎಬ್ಬಿಸಲು ಏನು ಬೇಕು ಎಂಬುದು.

ಶುಕ್ರವಾರ ಗಂಡಸರು ನಮಾಜಿಗೆ ಹೋದರು. ಕಾರ್ಖಾನೆಗೆ ರಜೆ. ಹಜ್ಜಾ ಸೊಸೆಗಾಗಿ ಹರಕೆ ಹೊತ್ತು ದರ್ಗಾಕ್ಕೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಇಬ್ಬರೇ. ಬುಸೈನಾ ಈರುಳ್ಳಿ ತುಂಬಿದ ಬಾತುಕೋಳಿಯ ತಟ್ಟೆ ಹಿಡಿದು ಬಂದಳು.

"ತಿನ್ನು. ನೀನು ತಿಂದ್ರೆ ತಾನೆ ಅದು ಎದ್ದು ಕುಣಿಯೋದು. ತಾಯಿ ಹಾಗೇ ಸೋಮಾರಿ ಮಗು."

"ಅಬ್ಲಾ," ಎಂದಳು ರಬಾಬ್. "ಜೊತೇಲಿ ಓದೋಣ್ವಾ? ಈಗ್ಲೇ."

ಬುಸೈನಾ ತಟ್ಟೆ ಕೆಳಗಿಟ್ಟಳು. ದಿಂಬಿನಡಿಯಿಂದ ಹೊರಬಂದ ಕಪ್ಪು ರಟ್ಟನ್ನು ನೋಡಿದಳು. ಬೀರುವಿನ ಕಡೆ ನೋಡಿದಳು.

"ಯಾರು ಇಳಿಸಿಕೊಟ್ರು?"

"ಹಜ್ಜಾ. ನಾನೇ ಕೇಳಿದೆ, ಕೊಟ್ರು."

"ಶುರು ಮಾಡಿಲ್ಲ ತಾನೆ?"

ಕೆಳಗೆ, ಬೀಗ ಹಾಕಿದ ಕತ್ತಲೆಯಲ್ಲಿ, ಯಾರೋ ಉಸಿರು ಹಿಡಿದರು. ರಬಾಬಳಿಗೆ ಮಾತ್ರ ಕೇಳಿಸಿತು.

"ಇಲ್ಲ," ಎಂದಳು. "ನೀನಿಲ್ದೆ ಹೇಗೆ ಶುರು ಮಾಡ್ಲಿ?"

ಬುಸೈನಾಳ ಮುಖ ಅರಳಿತು. ಇಷ್ಟು ವರ್ಷ ಕಾದ ಜೊತೆಗಾತಿ. ಚಪ್ಪಲಿ ಬಿಟ್ಟು, ಕಾಲು ಮಡಿಚಿ ಹಾಸಿಗೆಯ ಮೇಲೇರಿದಳು. "ಈ ಪಾಲು ನಿಂದು, ಈ ಪಾಲು ನಂದು ಅಂತ ಹೇಳ್ಕೋಬೇಕು. ನಿಂಗೆ ಯಾವ್ದು?"

"ಅವನದು."

"ಒಳ್ಳೇ ಭಾಗ ನೀನೇ ಹೊಡ್ಕೊಂಡೆ. ಆಗ್ಲಿ, ನಂದು ಅವಳದು."

ಮೊದಲ ಅಧ್ಯಾಯವನ್ನು ರಬಾಬ್ ಹೊಸದಾಗಿ ಕಂಡವಳಂತೆ ಓದಿದಳು. ಬೇಕಾದ ಕಡೆ ತಡವರಿಸಿದಳು, ಅಚ್ಚರಿಪಟ್ಟಳು. ಎರಡನೆಯದನ್ನು ಬುಸೈನಾ ಓದಿದಳು. ಜೌಗಿನ ಹೆಂಗಸರಿಗೆಲ್ಲ ಒಂದೊಂದು ಕಂಠ. ಸೂಲಗಿತ್ತಿಗೆ ಹಜ್ಜಾಳ ಮೂಗಿನ ದನಿ. ತಾನೇ ನಕ್ಕು, ಸಾಲು ತಪ್ಪಿ, ಮತ್ತೆ ಹಿಡಿದಳು. ಮೂರು. ನಾಲ್ಕು. ಕೆಸರಿಗಿಳಿವ ಮೀನಿನ ಸಾಲಿಗೆ ಬಂದಾಗ ಅವಳು ತಟ್ಟನೆ ನಿಂತು, ರಬಾಬಳ ಹೊಟ್ಟೆ ನೋಡಿ, "ಬೇಡ ಬಿಡು, ಕೆಟ್ಟ ಮಾತು" ಎಂದು ಆ ಸಾಲನ್ನು ಪಿಸುಗುಟ್ಟಿ ಮುಗಿಸಿದಳು. ಕೆಳಗೆ ಸದ್ದೇ ಇಲ್ಲ. ಸೂರಿಗೆ ಕಿವಿಯಾನಿಸಿ ಆಲಿಸುವವರ ಸದ್ದಿಲ್ಲದಿರುವಿಕೆ.

ಐದನೆಯದನ್ನು ರಬಾಬ್ ಮುಗಿಸಿದಳು. ಪುಸ್ತಕ ದಾಟಿಸಿದಳು. ಬುಸೈನಾ ಆರನೆಯದನ್ನು ತೆರೆದಳು.

ಅರ್ಧ ಪುಟ. ಗೋಡೆಯ ಬಣ್ಣ ಮಂಕಾಯಿತು. ಮೋಡವಿರಬಹುದು. ಕೆಸರಿನ ವಾಸನೆ ಕಾಲಿನಿಂದ ಮೇಲಕ್ಕೇರಿತು. ಬುಸೈನಾ ಒಮ್ಮೆ ಕೆಮ್ಮಿದಳು. ಓದಿದಳು. ಅವಳ ದನಿಗೆ ಒಂದು ಜೊತೆ ಬಂತು. ಕೆಳಗಿನಿಂದ. ಅದೇ ಮಾತು, ಚೂರು ತಡವಾಗಿ. ಬಾವಿಗೆ ಕೂಗಿದರೆ ಬರುವ ಹಾಗೆ. ಪುಟ ಮಗುಚಿದಳು. ಈಗ ಎರಡೂ ಒಟ್ಟಿಗೆ. ಮತ್ತೆ ಮಗುಚಿದಳು. ಈಗ ಕೆಳಗಿನದು ಮುಂದೆ. ಬುಸೈನಾಳ ತುಟಿ ಅಲುಗುತ್ತಿತ್ತು. ಮಾತು ನೆಲದಿಂದ ಬರುತ್ತಿತ್ತು.

ಅವಳು ನಿಲ್ಲಿಸಿದಳು. ಗಂಟಲಿಗೆ ಕೈ ಹಾಕಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು.

"ರಬಾಬ್, ನನ್ನ ದನಿ," ಎಂದಿತು ನೆಲ.

ಆಗ ಮಗು ಒದೆಯಿತು.

ಪಕ್ಕೆಗೆ. ಬಲವಾಗಿ. ಮತ್ತೊಮ್ಮೆ. ಮೂರು ದಿನದಿಂದ ಸತ್ತಂತಿದ್ದ ಹೊಟ್ಟೆ ನೈಟಿಯ ಬಟ್ಟೆಯನ್ನು ಎತ್ತಿ ಇಳಿಸಿತು. ಬುಸೈನಾಳ ಕಣ್ಣುಗಳು ಅಗಲವಾಗಿ ಅವಳನ್ನೇ ನೋಡುತ್ತಿದ್ದವು. ಪುಸ್ತಕ ಮುಚ್ಚಿದರೆ ಸಾಕಿತ್ತು. ಕೈಯಳತೆಯಲ್ಲೇ ಇತ್ತು. ನಿಲ್ಲಿಸು ಎಂಬ ಒಂದು ಮಾತು ಸಾಕಿತ್ತು. ಅಧ್ಯಾಯಕ್ಕೆ ಇನ್ನೊಂದೇ ಪುಟ ಉಳಿದಿತ್ತು.

ರಬಾಬ್ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ನೋಡು, ಎದ್ದಿದೆ," ಎಂದಳು. "ನೀನು ಓದ್ತಿದ್ದೀಯ ಅಂತ ಎದ್ದಿದೆ. ಓದು ಅಬ್ಲಾ."

ಬುಸೈನಾ ಅಂಗೈಯಡಿಯ ಒದೆತವನ್ನು ಮುಟ್ಟಿ ನೋಡಿದಳು. ಅವಳ ಕಣ್ಣುಗಳು ತುಂಬಿದವು. ಭಯದಿಂದಲೋ ಸಂತೋಷದಿಂದಲೋ. ಒಂದು ಕೈ ಹೊಟ್ಟೆಯ ಮೇಲೇ ಇಟ್ಟು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಸದ್ದಿಲ್ಲದ ಬಾಯಿಂದ ಕೊನೆಯ ಸಾಲಿನವರೆಗೂ ಓದಿದಳು. ನೆಲದ ಕೆಳಗೆ ಅವಳ ದನಿ ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಅವಳ ಜೊತೆ ಮುಗಿಸಿತು. ಆಮೇಲೆ ದೂರವಾಯಿತು. ಮೆಟ್ಟಿಲಿಳಿದು ಹೋಗುವವರು ಮಾತಾಡುತ್ತ ಹೋದ ಹಾಗೆ.

ಮಸೀದಿಯಿಂದ ಗಂಡಸರು ಹಿಂತಿರುಗುವ ಸದ್ದು ಓಣಿಯಲ್ಲಿ ಕೇಳಿಸಿತು. ವಾಸನೆ ಹೋಗಿತ್ತು. ತಟ್ಟೆಯ ಬಾತುಕೋಳಿ ಇನ್ನೂ ಬೆಚ್ಚಗಿತ್ತು.

ಶನಿವಾರ ವೈದ್ಯೆ ನಕ್ಕು, ಹಜ್ಜಾಳ ಹರಕೆ ಫಲಿಸಿತು ಎಂದರು. ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಕೂದಲು ದಟ್ಟ, ಅಳು ಜೋರು. ಬುಸೈನಾಳನ್ನು ಮನ್ಸೂರಾದ ದೊಡ್ಡ ಆಸ್ಪತ್ರೆಗೂ ಕರೆದೊಯ್ದು ಬಂದಿದ್ದರು. ಗಂಟಲಿನಲ್ಲಿ ಏನೂ ತೊಂದರೆಯಿಲ್ಲ ಎಂದರಂತೆ. ಮನಸ್ಸಿಗೆ ಏನೋ ಆಘಾತ. ಏನಾಯಿತೆಂದು ಬರೆದು ತೋರಿಸು ಎಂದರೆ ಅವಳು ಬರೆದದ್ದು ಒಂದೇ, ‘ಓದುತ್ತಿದ್ದಾಗ ದನಿ ಹೋಯಿತು.’ ರಬಾಬಳ ಮೇಲೆ ಅವಳಿಗೆ ಸಂಶಯದ ಎಳೆಯೂ ಇರಲಿಲ್ಲ. ಮೊದಲ ಪುಟದಿಂದ ಇಬ್ಬರೂ ಜೊತೆಗೇ ಇದ್ದರಲ್ಲ.

ಹುಟ್ಟಿದ ಏಳನೆಯ ದಿನ ಸುಬೂ ಶಾಸ್ತ್ರ. ಮಗುವನ್ನು ರಿಬ್ಬನ್ ಕಟ್ಟಿದ ಜರಡಿಯಲ್ಲಿ ಮಲಗಿಸಿ ನೆಲದ ಮೇಲಿಟ್ಟರು. ಮುಗಾತ್ ಪಾನೀಯದ ತುಪ್ಪದ ಘಮ, ಓಣಿಯ ಹೆಂಗಸರೆಲ್ಲ, ಅವರ ಮಕ್ಕಳೆಲ್ಲ. ಕಿವಿಯ ಬಳಿ ಹಿತ್ತಾಳೆಯ ಕುಟ್ಟಾಣಿ ಬಡಿದು ಮಗುವಿಗೆ ಬುದ್ಧಿ ಹೇಳಬೇಕು. ಈ ಮನೆಯಲ್ಲಿ ಅದನ್ನು ಹೇಳುವವಳು ಯಾವಾಗಲೂ ಬುಸೈನಾ. ಅವಳು ಹೇಳಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಹಜ್ಜಾ ಯಾವ ಯೋಚನೆಯೂ ಇಲ್ಲದೆ ಕುಟ್ಟಾಣಿಯ ಹಾರೆಯನ್ನು ಅವಳ ಕೈಗೇ ಕೊಟ್ಟಳು. ಕೊಟ್ಟ ಮೇಲೆ ನೆನಪಾಗಿ ತುಟಿ ಕಚ್ಚಿದಳು.

ಬುಸೈನಾ ಹಿಂಜರಿಯಲಿಲ್ಲ. ಕುಳಿತಳು, ಬಡಿದಳು, ಬಾಯಿ ತೆರೆದಳು. ಠಣ್. ತುಟಿ ಅಲುಗಿತು. ಠಣ್. ಹುಬ್ಬು ಕುಣಿಸಿದಳು. ನಗಿಸುವುದನ್ನೇನೂ ಬಿಟ್ಟಿರಲಿಲ್ಲ. ಒಬ್ಬಿಬ್ಬರು ತಲೆವಸ್ತ್ರದ ಅಂಚಿನಿಂದ ಕಣ್ಣೊತ್ತಿದರು.

"ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳ್ಬೇಡ," ಎಂದಿತು ನೆಲದ ಕೆಳಗಿನ ದನಿ, ತುಂಬು ಕಂಠದಿಂದ. "ದೊಡ್ಡಮ್ಮನ ಮಾತು ಕೇಳು. ದೊಡ್ಡಮ್ಮ ಕರೆದ್ರೆ ಬಾ."

ರಬಾಬ್ ಸುತ್ತ ನೋಡಿದಳು. ಯಾರೂ ತಲೆಯೆತ್ತಲಿಲ್ಲ. ಜರಡಿಯಲ್ಲಿ ಮಗು ಮಾತ್ರ ಅಳು ನಿಲ್ಲಿಸಿ ನೆಲದ ಕಡೆ ಕತ್ತು ಹೊರಳಿಸಿತು.

ಹೆಂಗಸರು ಸಿಹಿ ಹಂಚುವ ಗದ್ದಲದಲ್ಲಿದ್ದಾಗ ಹಜ್ಜಾ ಸೊಸೆಯ ಪಕ್ಕ ಬಂದು ಕುಳಿತಳು. ದನಿ ತಗ್ಗಿಸಿದಳು.

"ಮಗಳೇ, ನಿನ್ನ ಬೈಯಲ್ಲ ನಾನು. ಅವತ್ತು ಕೋಣೆಲಿ ನೀವಿಬ್ರೇ ಇದ್ರಿ. ಏನೋ ಆಗಿದೆ. ಮತರಿಯಾದಲ್ಲಿ ಒಬ್ರು ಶೇಖ್ ಇದ್ದಾರೆ. ಹೇಗೆ ಹತ್ತಿದ್ದು ಅಂತ ಗೊತ್ತಾದ್ರೆ ಬಿಡಿಸ್ತೀನಿ ಅಂದ್ರು. ನಿಜ ಮಾತ್ರ ಬೇಕಂತೆ. ನೋಡು ಅವಳನ್ನ. ನೋಡೋಕಾಗುತ್ತಾ?"

ರಬಾಬ್ ನೋಡಿದಳು. ಬುಸೈನಾ ಮಗುವನ್ನೆತ್ತಿಕೊಂಡು ಕಿಟಕಿಯ ಬಳಿ ತೂಗುತ್ತಿದ್ದಳು.

ಬಿಡಿಸಬಹುದು. ದನಿ ಮರಳಿ ಬರಬಹುದು. ಆಗ ಆ ಜಾಗ ಮತ್ತೆ ಖಾಲಿಯಾಗುತ್ತದೆ, ಕೆಳಗಿನವಳ ಕೈ ಮತ್ತೆ ಮಗುವಿನ ಮೇಲೆ. ಅವಳು ತನ್ನೊಳಗೆ ಕರುಣೆಗಾಗಿ ಹುಡುಕಿದಳು, ನಾಚಿಕೆಗಾಗಿ ಹುಡುಕಿದಳು. ಇರಬೇಕಾದಲ್ಲಿ ಅವು ಇರಲಿಲ್ಲ. ಎದೆಯಲ್ಲಿ ಹಾಲು ಮಾತ್ರ ಬಿಗಿಯುತ್ತಿತ್ತು.

"ಓದ್ತಾ ಇದ್ವಿ, ಅಷ್ಟೇ ಅಮ್ಮಾ," ಎಂದಳು. "ಮೊದಲನೇ ಪುಟದಿಂದ ಇಬ್ರೂ ಜೊತೇಲೇ ಇದ್ವಿ."

ಹಜ್ಜಾ ನಿಟ್ಟುಸಿರಿಟ್ಟು ಎದ್ದುಹೋದಳು. ನಾಳೆ ಕುವೈತಿನಿಂದ ಲುತ್ಫಿ ಬರುತ್ತಾನೆ, ಅವನೂ ಕೇಳುತ್ತಾನೆ. ಮುಂದೆ ದೊಡ್ಡವಳಾಗಿ, ದೊಡ್ಡಮ್ಮ ಯಾಕೆ ಮಾತಾಡಲ್ಲ ಎಂದು ಮಗಳು ಕೇಳುತ್ತಾಳೆ. ರಬಾಬ್ ಇಬ್ಬರಿಗೂ ಕೊಡುವ ಉತ್ತರವನ್ನು ಆಗಲೇ ಮನಸ್ಸಿನಲ್ಲಿ ಜೋಡಿಸಿ, ತಿದ್ದಿ, ಮತ್ತೊಮ್ಮೆ ಓದಿಕೊಂಡಳು. ಅದರಲ್ಲಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಆಮೇಲೆ ಮಗುವಿಗಾಗಿ ಕೈ ಚಾಚಿದಳು.